ಹಿತ್ತಿಲ ಅಳತೆಗೆ ತಕ್ಕ ಆತಿಥ್ಯ: ಮಲೆನಾಡಿನ ಹೋಮ್‌ಸ್ಟೇ ಮತ್ತು ಕೈತೋಟ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಲೆನಾಡಿನ ಹೋಮ್‌ಸ್ಟೇಗಳು ಸುಳ್ಳು ಮಾಡಿವೆ. ಚಿಕ್ಕಮಗಳೂರು, ಸಕಲೇಶಪುರ, ಕೊಡಗು, ತೀರ್ಥಹಳ್ಳಿ, ಸಾಗರ, ಶಿರಸಿಗಳ ಕಡೆಗೆ ಹೊರಡುವ ನಗರವಾಸಿಗಳನ್ನು ಇಂದು ಸೆಳೆಯುತ್ತಿರುವುದು ಬೆಟ್ಟ, ಜಲಪಾತಗಳು ಮಾತ್ರವಲ್ಲ. ತೋಟದ ಮನೆಯ ಊಟವೂ ಅಷ್ಟೇ ಬಲವಾದ ಆಕರ್ಷಣೆ. ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಕಳಲೆ ಪಲ್ಯ, ಅಕ್ಕಿರೊಟ್ಟಿ, ಕಡುಬು, ಜೋನಿಬೆಲ್ಲ ಇವೆಲ್ಲ ಪೇಟೆಯ ಹೋಟೆಲುಗಳಲ್ಲಿ ಅಪರೂಪಕ್ಕೆ ಸಿಗುವ ತಿನಿಸುಗಳು. ಹೀಗಾಗಿ ‘ನಮ್ಮ ತೋಟದ ತರಕಾರಿ, ನಮ್ಮ ಮನೆಯ ಅಡುಗೆ’ ಎಂಬ ಮಾತು ಬಹುತೇಕ ಹೋಮ್‌ಸ್ಟೇಗಳ ಫಲಕದಲ್ಲೂ ಜಾಹೀರಾತಿನಲ್ಲೂ ಸ್ಥಾನ ಪಡೆದಿದೆ.

ಆದರೆ ಈ ಮಾತನ್ನು ವರ್ಷವಿಡೀ ಉಳಿಸಿಕೊಳ್ಳುವುದು ಸುಲಭವಲ್ಲ. ಕೈತೋಟ ಒಂದು ಕುಟುಂಬವನ್ನು ಸಾಕುವುದಕ್ಕೂ ಪ್ರತಿ ವಾರಾಂತ್ಯ ಬಂದು ಹೋಗುವ ಹತ್ತಿಪ್ಪತ್ತು ಜನರ ಹಸಿವು ತಣಿಸುವುದಕ್ಕೂ ಬಹಳ ಅಂತರವಿದೆ. ಕೋಣೆಗಳು ಹೆಚ್ಚಿದಂತೆ ತರಕಾರಿ ಪಟ್ಟಣದ ಮಂಡಿಯಿಂದ ಬರತೊಡಗುತ್ತದೆ. ಹಿತ್ತಿಲು ಅತಿಥಿಗಳು ಫೋಟೊ ತೆಗೆದುಕೊಳ್ಳುವ ಜಾಗವಾಗಿ ಉಳಿಯುತ್ತದೆ. ಅತಿಥಿ ತೆತ್ತ ಹಣಕ್ಕೆ ತಕ್ಕ ಊಟ ಸಿಗಬೇಕಾದರೆ, ಊರಿನ ಬೆಳೆಗಾರನಿಗೂ ಅದರ ಪಾಲು ದಕ್ಕಬೇಕಾದರೆ ಕೋಣೆ, ಬಾವಿ ಮತ್ತು ತರಕಾರಿ ಮಡಿ ಈ ಮೂರರ ಲೆಕ್ಕ ಒಂದಕ್ಕೊಂದು ಹೊಂದಬೇಕಾಗುತ್ತದೆ. ಆ ಲೆಕ್ಕದ ಮುಖ್ಯ ಅಂಶಗಳು ಇಲ್ಲಿವೆ.

ಕಾಫಿ ಬೆಲೆ ಕುಸಿತದ ಹಿನ್ನೆಲೆ

ಹೋಮ್‌ಸ್ಟೇ ಪದ್ಧತಿ ಬೆಳೆದದ್ದಕ್ಕೂ ಕಾಫಿ ಮಾರುಕಟ್ಟೆಗೂ ನೇರ ಸಂಬಂಧವಿದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕೆಂಬ ನಿಯಮ ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಂದರು. ಆರಂಭದಲ್ಲಿ ಒಳ್ಳೆಯ ಬೆಲೆ ಸಿಕ್ಕಿತಾದರೂ 2001ರ ಸುಮಾರಿಗೆ ಜಾಗತಿಕ ಬೆಲೆ ಪಾತಾಳಕ್ಕಿಳಿಯಿತು. ತೋಟದ ಸಾಲ ತೀರಿಸಲು ಬೇರೆ ಆದಾಯ ಅನಿವಾರ್ಯವಾಯಿತು. ದೊಡ್ಡ ಮನೆ, ಖಾಲಿ ಕೋಣೆ, ಅಡುಗೆ ಬಲ್ಲ ಗೃಹಿಣಿ, ಸುತ್ತ ಹಸಿರು: ಇದ್ದ ಬಂಡವಾಳ ಇಷ್ಟೇ. ಅದೇ ಹೋಮ್‌ಸ್ಟೇ ಆಯಿತು.

ಪ್ರವಾಸೋದ್ಯಮವೂ ಕಾಫಿಯಷ್ಟೇ ಚಂಚಲ ಎಂಬುದು ಮುಂದೆ ತಿಳಿಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತವಾದಾಗ ಪ್ರವಾಸಿಗರ ಭೇಟಿಗೆ ಕೆಲಕಾಲ ನಿರ್ಬಂಧ ಹೇರಲಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಎಲ್ಲ ಕೋಣೆಗಳನ್ನೂ ಖಾಲಿ ಮಾಡಿತು. ಅಂಥ ತಿಂಗಳುಗಳಲ್ಲಿ ಕೋಣೆಯಿಂದ ಆದಾಯವಿಲ್ಲ, ಆದರೆ ಹಿತ್ತಿಲು ಮನೆಯವರಿಗೂ ಆಳುಕಾಳುಗಳಿಗೂ ಊಟ ಕೊಡುತ್ತದೆ. ಕೈತೋಟವನ್ನು ಅಲಂಕಾರವೆಂದು ಭಾವಿಸದೆ ಉದ್ದಿಮೆಯ ಅಡಿಪಾಯವೆಂದು ಭಾವಿಸಲು ಇದೊಂದೇ ಕಾರಣ ಸಾಕು.

ಎರಡು ಪಂಚಾಂಗಗಳು

ಹೋಮ್‌ಸ್ಟೇ ನಡೆಸುವವರು ಎದುರಿಸುವ ಮೊದಲ ತೊಡಕು ಕಾಲದ್ದು. ಅತಿಥಿಗಳ ಪಂಚಾಂಗ ಬೇರೆ, ಹಿತ್ತಿಲಿನ ಪಂಚಾಂಗ ಬೇರೆ. ದಸರಾ ರಜೆ, ಕ್ರಿಸ್‌ಮಸ್ ಮತ್ತು ಹೊಸವರ್ಷ, ಏಪ್ರಿಲ್–ಮೇ ತಿಂಗಳ ಶಾಲಾ ರಜೆ ಹಾಗೂ ಶನಿವಾರ, ಭಾನುವಾರಗಳಲ್ಲಿ ಕೋಣೆಗಳು ತುಂಬುತ್ತವೆ. ಹಿತ್ತಿಲಾದರೋ ಮಳೆಯನ್ನು ನೋಡಿಕೊಂಡು ನಡೆಯುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಹೆಚ್ಚಿನ ತರಕಾರಿ ನಿಲ್ಲುವುದಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ; ಟೊಮೆಟೊ, ಕೊತ್ತಂಬರಿಗಳು ಕೊಳೆತುಹೋಗುತ್ತವೆ. ಆಗ ಕೆಸು, ಕಳಲೆ, ಚಗಟೆ ಸೊಪ್ಪು, ಎಳೆ ನುಗ್ಗೆಸೊಪ್ಪಿನ ಬದಲು ಬಳಸುವ ಇತರ ಕಾಡುಸೊಪ್ಪುಗಳೇ ಅಡುಗೆಮನೆಯ ಆಧಾರ. ಮುಂಗಾರಿಗೆ ಮುನ್ನ ಬಿತ್ತಿದ ಮುಳ್ಳುಸೌತೆ, ಹೀರೆ, ಪಡವಲಗಳು ಚಪ್ಪರಕ್ಕೇರಿ ಶ್ರಾವಣ, ಭಾದ್ರಪದಗಳಲ್ಲಿ ಕಾಯಿ ಬಿಡುತ್ತವೆ. ದೀಪಾವಳಿಯ ನಂತರ ಹಿತ್ತಿಲಿಗೆ ಸುಗ್ಗಿ. ಹರಿವೆ, ಮೂಲಂಗಿ, ಬದನೆ, ಬೀನ್ಸ್, ಅವರೆ, ಅಲಸಂದೆ ಎಲ್ಲವೂ ಬರುತ್ತವೆ. ಕೊಯ್ಲು ಮುಗಿದ ಗದ್ದೆಯಲ್ಲೂ ತರಕಾರಿ ಹಾಕಬಹುದು. ಆದ್ದರಿಂದ ಡಿಸೆಂಬರ್, ಜನವರಿಯಲ್ಲಿ ಎರಡೂ ಪಂಚಾಂಗ ಒಂದಾಗುತ್ತವೆ.

ತೊಂದರೆ ಇರುವುದು ಚೈತ್ರ, ವೈಶಾಖಗಳಲ್ಲಿ. ಬಾವಿ ತಳ ಕಾಣುವ ಹೊತ್ತಿಗೇ ಶಾಲೆಗಳಿಗೆ ರಜೆ ಬಂದು ಅತಿಥಿಗಳ ಸಂಖ್ಯೆ ಏರುತ್ತದೆ. ಈ ಅಂತರವನ್ನು ತುಂಬುವ ವಿದ್ಯೆ ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲೇ ಇದೆ. ಬಲಿತ ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೂದುಗುಂಬಳ, ಸಿಹಿಗುಂಬಳಗಳೂ ಅಟ್ಟದಲ್ಲಿ ಉಳಿಯುತ್ತವೆ. ಸುವರ್ಣಗಡ್ಡೆ, ಕೆಸುವಿನ ಗಡ್ಡೆ, ಒಣಗಿಸಿದ ಅವರೆ ಮತ್ತು ಅಲಸಂದೆ ಕಾಳುಗಳು ಬೇಸಿಗೆಯ ಹುಳಿ, ಪಲ್ಯಕ್ಕೆ ಒದಗುತ್ತವೆ. ಇದೇ ಕಾಲಕ್ಕೆ ಮಾವು, ಹಲಸು, ಮುರುಗಲು ಹಣ್ಣಾಗುತ್ತವೆ. ಎಳೆ ಹಲಸು ಪಲ್ಯಕ್ಕೆ, ಬಲಿತದ್ದು ಹಪ್ಪಳಕ್ಕೆ, ಹಣ್ಣು ಕಡುಬಿಗೆ. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಬಿಸಿಲಿಗೆ ಒಣಗಿಸಿದ ಸಂಡಿಗೆ ಮತ್ತು ಬಾಳಕದ ಮೆಣಸು ಮುಂದಿನ ಮಳೆಗಾಲಕ್ಕೆ ದಾಸ್ತಾನಾಗುತ್ತವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸಿಗುವ ಅಪ್ಪೆಮಿಡಿಯನ್ನು ಭರಣಿಗೆ ಹಾಕಿದರೆ ವರ್ಷಕ್ಕೆ ಉಪ್ಪಿನಕಾಯಿ ಸಿದ್ಧ. ಹಾಗಾಗಿ ಹೋಮ್‌ಸ್ಟೇ ಕಟ್ಟುವಾಗ ಇನ್ನೊಂದು ಮಲಗುವ ಕೋಣೆಗಿಂತ ಒಣ ಉಗ್ರಾಣ, ಗಾಳಿಯಾಡುವ ಅಟ್ಟ ಹಾಗೂ ಬಿಸಿಲು ಬೀಳುವ ಅಂಗಳಕ್ಕೆ ಜಾಗ ಬಿಡುವುದು ಹೆಚ್ಚು ಉಪಯುಕ್ತ.

ಎಷ್ಟು ಅತಿಥಿಗಳಿಗೆ ಎಷ್ಟು ಗುಂಟೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿದಂತೆ ಸುಮಾರು 400 ಗ್ರಾಂ ತರಕಾರಿ ಬೇಕು. ಐದು ಕೋಣೆಗಳ ಹೋಮ್‌ಸ್ಟೇಯಲ್ಲಿ ಹತ್ತು ಅತಿಥಿಗಳು, ಮನೆಯವರು ಮತ್ತು ಕೆಲಸದವರು ಸೇರಿ ಆರು ಮಂದಿ ಎಂದಿಟ್ಟುಕೊಂಡರೆ ದಿನಕ್ಕೆ 6.4 ಕಿಲೋ, ತಿಂಗಳಿಗೆ 190 ಕಿಲೋದಷ್ಟು ತರಕಾರಿ ಬೇಕಾಗುತ್ತದೆ. ಐದು ಜನರ ಕುಟುಂಬಕ್ಕೆ ಸುಮಾರು 200 ಚದರ ಮೀಟರ್, ಅಂದರೆ ಎರಡು ಗುಂಟೆ ಕೈತೋಟ ಬೇಕೆಂಬುದು ತೋಟಗಾರಿಕೆ ತಜ್ಞರು ಸಾಮಾನ್ಯವಾಗಿ ಹೇಳುವ ಅಳತೆ. ಆ ಲೆಕ್ಕದಲ್ಲಿ ಹದಿನಾರು ಮಂದಿಗೆ ಆರೂವರೆ ಗುಂಟೆ ಬೇಕು. ಎಕರೆಗಟ್ಟಲೆ ತೋಟವಿರುವವರಿಗೆ ಇದು ದೊಡ್ಡ ಜಾಗವಲ್ಲ. ಆದರೆ ಕಾಫಿ, ಅಡಿಕೆಗಳ ನೆರಳಿಲ್ಲದೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ಅಡುಗೆಮನೆಗೆ ಹತ್ತಿರವಿರುವ, ನೀರು ಮುಟ್ಟುವ ಆರೂವರೆ ಗುಂಟೆ ಸಿಗುವುದು ಮಲೆನಾಡಿನಲ್ಲಿ ಸುಲಭವಲ್ಲ.

ಇನ್ನೊಂದು ಸಂಗತಿಯೂ ಇದೆ. ವಾರದ ನಡುವೆ ಅತಿಥಿಗಳಿಲ್ಲದಾಗ ಆರು ಜನಕ್ಕೆ ದಿನಕ್ಕೆ ಎರಡೂವರೆ ಕಿಲೋ ತರಕಾರಿ ಸಾಕು. ಗಿಡಗಳು ಮಾತ್ರ ವಾರಾಂತ್ಯವನ್ನು ಕಾಯುವುದಿಲ್ಲ. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ನಾರಾಗುತ್ತದೆ, ಮುಳ್ಳುಸೌತೆ ಬಲಿತು ಬೀಜವಾಗುತ್ತದೆ, ಬೀನ್ಸ್ ಗಟ್ಟಿಯಾಗುತ್ತದೆ. ಆದ್ದರಿಂದ ಅನುಭವಸ್ಥರು ಬೆಳೆಗಳನ್ನು ಎರಡು ವರ್ಗ ಮಾಡಿಕೊಳ್ಳುತ್ತಾರೆ. ಬಸಳೆ, ಚಕ್ರಮುನಿ, ನುಗ್ಗೆ, ಕೆಸು, ಗೆಣಸು, ಸುವರ್ಣಗಡ್ಡೆ, ಹಸಿ ಪಪಾಯ, ಬಾಳೆಕಾಯಿಗಳು ಗಿಡದಲ್ಲೋ ಮಣ್ಣಿನಲ್ಲೋ ಕಾಯುವ ಬೆಳೆಗಳು. ಇವು ಹಿತ್ತಿಲಿನ ಬಹುಪಾಲು ಜಾಗ ಪಡೆಯಬೇಕು. ಬೆಂಡೆ, ಬೀನ್ಸ್, ಸೌತೆಗಳಂಥ ಕಾಯದ ಬೆಳೆಗಳನ್ನು ಮನೆಯವರಿಗೆ ಸಾಕಾಗುವಷ್ಟು ಬೆಳೆದು, ವಾರಾಂತ್ಯದ ಹೆಚ್ಚುವರಿಯನ್ನು ನೆರೆಯವರಿಂದ ಕೊಳ್ಳುವುದು ಜಾಣತನ.

ಹರಿವೆ, ಕೊತ್ತಂಬರಿ, ಮೂಲಂಗಿಗಳನ್ನು ಒಮ್ಮೆಗೇ ಬಿತ್ತದೆ ಹತ್ತು ಹದಿನೈದು ದಿನಗಳಿಗೊಂದು ಮಡಿಯಂತೆ ಬಿತ್ತಬೇಕು. ಇಲ್ಲವಾದರೆ ಒಂದು ವಾರ ಹರಿವೆಯ ಪ್ರವಾಹ, ಮರುವಾರ ಬರಿ ಮಡಿ. ಕರಿಬೇವು, ನಿಂಬೆ, ದೊಡ್ಡಪತ್ರೆ, ಶುಂಠಿ, ಅರಿಶಿನ, ಜೀರಿಗೆ ಮೆಣಸು, ಮಜ್ಜಿಗೆಹುಲ್ಲು ಮುಂತಾದವು ತೂಕದಲ್ಲಿ ಕಡಿಮೆಯಾದರೂ ರುಚಿಯಲ್ಲಿ ಮುಂದು. ಚಿಕ್ಕ ಜಾಗವಿದ್ದವರು ಇವುಗಳಿಂದಲೇ ಆರಂಭಿಸುವುದು ಒಳಿತು.

ನೀರಿನ ಲೆಕ್ಕ

ಬೇಸಿಗೆಯಲ್ಲಿ ತರಕಾರಿ ಮಡಿಗೆ ಚದರ ಮೀಟರಿಗೆ ದಿನಕ್ಕೆ ನಾಲ್ಕು ಲೀಟರ್‌ಗೆ ಕಡಿಮೆಯಿಲ್ಲದಂತೆ ನೀರು ಬೇಕು. ಆರೂವರೆ ಗುಂಟೆಗೆ ಇದು ಸುಮಾರು 2,600 ಲೀಟರ್ ಆಗುತ್ತದೆ. ನಗರದ ಮನೆಬಳಕೆಗೆ ನಿಗದಿಪಡಿಸಿರುವ ತಲಾ 135 ಲೀಟರ್ ಪ್ರಮಾಣದಲ್ಲಿ ನೋಡಿದರೆ ಹತ್ತು ಅತಿಥಿಗಳಿಗೆ ಬೇಕಾಗುವುದು 1,350 ಲೀಟರ್. ಅಂದರೆ ಹಿತ್ತಿಲು ಅತಿಥಿಗಳ ಎರಡು ಪಟ್ಟು ನೀರು ಕುಡಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಬಾವಿಯಲ್ಲಿ ಎಷ್ಟು ನೀರು ಊರುತ್ತದೆ ಎಂಬುದನ್ನು ಅಳೆಯದೆ ಕೋಣೆಗಳ ಸಂಖ್ಯೆ ನಿರ್ಧರಿಸಿದವರು ಮೊದಲ ಬೇಸಿಗೆಯಲ್ಲೇ ಟ್ಯಾಂಕರಿಗೆ ಫೋನು ಮಾಡಬೇಕಾಗುತ್ತದೆ.

ಹನಿ ನೀರಾವರಿ ಮತ್ತು ದರಗಿನ ಹೊದಿಕೆಯಿಂದ ಈ ಬೇಡಿಕೆಯನ್ನು ಗಣನೀಯವಾಗಿ ತಗ್ಗಿಸಬಹುದು. ಮಲೆನಾಡಿನಲ್ಲಿ ಒಣ ಎಲೆಗೆ ಬರವಿಲ್ಲ. ಬೇಸಿಗೆಯಲ್ಲಿ ಮಡಿಗಳ ವಿಸ್ತೀರ್ಣವನ್ನೇ ಅರ್ಧಕ್ಕಿಳಿಸಿ, ಉಳಿದ ಜಾಗಕ್ಕೆ ಸೊಪ್ಪು ಹೊದಿಸಿ ವಿಶ್ರಾಂತಿ ಕೊಡುವುದು ಇನ್ನೊಂದು ದಾರಿ. ಸ್ನಾನದ ಮನೆಯ ನೀರನ್ನು ಜಲ್ಲಿ, ಮರಳಿನ ಗುಂಡಿಯ ಮೂಲಕ ಬಾಳೆ, ತೆಂಗಿನ ಬುಡಕ್ಕೆ ಹರಿಸಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗಳಿಗೆ ಮಾತ್ರ ಈ ನೀರು ತಾಗಬಾರದು. ಶೌಚಗುಂಡಿಗೂ ಬಾವಿಗೂ ಸಾಕಷ್ಟು ದೂರವಿರಬೇಕು, ಗುಂಡಿ ಬಾವಿಗಿಂತ ತಗ್ಗಿನಲ್ಲಿರಬೇಕು. ಅತಿಥಿಗಳ ಆರೋಗ್ಯ ನಿಂತಿರುವುದು ಮೊದಲಿಗೆ ಇದರ ಮೇಲೆ.

ಮಣ್ಣು, ಗೊಬ್ಬರ, ಸಿಂಪರಣೆ

ಭಾರಿ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ಮಲೆನಾಡಿನ ಮಣ್ಣು ಹುಳಿ. ಮಣ್ಣು ಪರೀಕ್ಷೆ ಮಾಡಿಸಿ ಮಳೆಗೆ ಮುನ್ನ ಸುಣ್ಣ ಬೆರೆಸುವುದು ವಾಡಿಕೆ. ಮಡಿಗಳನ್ನು ನೆಲದಿಂದ ಒಂದಡಿಯಾದರೂ ಎತ್ತರಿಸಿ, ನಡುವೆ ಬಸಿಗಾಲುವೆ ತೆಗೆಯಬೇಕು. ಗೊಬ್ಬರದ ಮೂಲ ಕೊಟ್ಟಿಗೆ. ಮಲೆನಾಡು ಗಿಡ್ಡ ತಳಿಯ ಹಸುಗಳು ಹಾಲು ಕೊಡುವುದು ಕಡಿಮೆ. ಆದರೆ ಮಳೆ, ಗುಡ್ಡ, ಒರಟು ಮೇವಿಗೆ ಒಗ್ಗಿರುವ ಅವು ಗೊಬ್ಬರಕ್ಕೆ ಕೊರತೆ ಮಾಡುವುದಿಲ್ಲ. ಅಡುಗೆಮನೆಯ ಸಿಪ್ಪೆ, ಉಳಿದ ಅನ್ನ ಗೋಬರ್ ಗ್ಯಾಸಿಗೋ ಎರೆಗೊಬ್ಬರದ ತೊಟ್ಟಿಗೋ ಹೋದರೆ ಹಿತ್ತಿಲಿನಿಂದ ಬಂದದ್ದು ಹಿತ್ತಿಲಿಗೇ ಮರಳುತ್ತದೆ.

ಅಡಿಕೆ ತೋಟದ ಪಕ್ಕ ಅಥವಾ ಒಳಗೆ ತರಕಾರಿ ಬೆಳೆಯುವವರು ಒಂದು ವಿಷಯ ಮರೆಯಬಾರದು. ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಈ ದ್ರಾವಣ ಮರದ ಕೆಳಗಿನ ಬಸಳೆ, ಕೆಸುವಿನ ಎಲೆಗಳ ಮೇಲೂ ಬೀಳುತ್ತದೆ. ಎಲೆಯ ಮೇಲೆ ನೀಲಿ ಕಲೆ ಕಂಡರೆ ಅದನ್ನು ಅಡುಗೆಗೆ ಕೊಯ್ಯಬಾರದು. ಸೊಪ್ಪಿನ ಮಡಿಯನ್ನು ಸಿಂಪರಣೆಯ ಹನಿ ತಲುಪದಷ್ಟು ದೂರ ಇಡುವುದೇ ಶಾಶ್ವತ ಪರಿಹಾರ. ‘ಸಾವಯವ’ ಎಂಬ ಫಲಕ ಹಾಕುವ ಮುನ್ನ ಪಕ್ಕದ ತೋಟದಲ್ಲಿ ಏನು ಹೊಡೆಯುತ್ತಾರೆ ಎಂಬುದನ್ನೂ ನೋಡಬೇಕಾಗುತ್ತದೆ.

ಕಾಡಿನ ಪಾಲು

ಕಾಡಂಚಿನ ಹಿತ್ತಿಲಿನಲ್ಲಿ ಮೊದಲ ಅತಿಥಿಗಳು ಮಂಗಗಳು. ಗಡ್ಡೆ, ಗೆಣಸಿಗೆ ಕಾಡುಹಂದಿ ಮತ್ತು ಮುಳ್ಳುಹಂದಿ, ಮೊಳಕೆಗೆ ನವಿಲು ಬರುತ್ತವೆ. ಬಲೆಯ ಮನೆ, ಮನೆಗೆ ಅಂಟಿಕೊಂಡ ಮಡಿ, ನಾಯಿಯ ಕಾವಲು ತಕ್ಕಮಟ್ಟಿಗೆ ಉಪಯೋಗಕ್ಕೆ ಬರುತ್ತವೆ. ಅರಿಶಿನ, ಶುಂಠಿ, ಜೀರಿಗೆ ಮೆಣಸು, ಖಾರ ಸೊಪ್ಪುಗಳನ್ನು ಮಂಗಗಳು ಅಷ್ಟಾಗಿ ಮುಟ್ಟುವುದಿಲ್ಲವಾದ್ದರಿಂದ ಅವು ಹೊರಸಾಲಿಗೆ ಸೂಕ್ತ. ಕೊಡಗು, ಸಕಲೇಶಪುರಗಳ ಆನೆ ಓಡಾಡುವ ಪ್ರದೇಶಗಳಲ್ಲಿ ಹಲಸಿನ ಹಣ್ಣಿನ ಪರಿಮಳ ಆನೆಗಳನ್ನು ಮನೆಯಂಗಳದವರೆಗೆ ಕರೆತರುತ್ತದೆ. ಅಂಥ ಕಡೆ ಹಲಸನ್ನು ಎಳೆಯದಾಗಿಯೇ ಇಳಿಸಿ ಪಲ್ಯಕ್ಕೋ ಉಪ್ಪುನೀರಿಗೋ ಬಳಸಿಕೊಳ್ಳುವುದು ಅಡುಗೆಗೂ ಜೀವಕ್ಕೂ ಹಿತ.

ಪಟ್ಟಿ ಬರೆಯುವವರು ಯಾರು

ಹಿತ್ತಿಲಿನಿಂದ ವಸತಿಗೃಹ ನಡೆಸುವ ಪದ್ಧತಿಗೆ ಜಗತ್ತಿನಲ್ಲಿ ಹೆಸರಾದ ಉದಾಹರಣೆ ಐರ್ಲೆಂಡಿನ ಕಾರ್ಕ್ ಪ್ರಾಂತ್ಯದ ಶನಗ್ಯಾರಿ ಎಂಬ ಹಳ್ಳಿಯ ಬ್ಯಾಲಿಮಲೂ ಹೌಸ್. ರೈತ ಕುಟುಂಬದ ಗೃಹಿಣಿ ಮರ್ಟಲ್ ಆ್ಯಲನ್ 1964ರಲ್ಲಿ ತಮ್ಮ ಮನೆಯ ಊಟದ ಕೋಣೆಯನ್ನೇ ರೆಸ್ಟೋರೆಂಟ್ ಮಾಡಿದರು. ಕೆಲವು ವರ್ಷಗಳಲ್ಲಿ ತಂಗುವ ಕೋಣೆಗಳೂ ಸೇರಿದವು. ಸ್ವಂತ ಹೊಲದ ತರಕಾರಿ ಮತ್ತು ಹಾಲು, ಪಕ್ಕದ ಬ್ಯಾಲಿಕಾಟನ್ ಬಂದರಿನ ಮೀನು ಅವರ ಬಂಡವಾಳ. ಆ ದಿನ ಏನು ಬಂದಿದೆ ಎಂದು ನೋಡಿ ಅಂದಿನ ಊಟದ ಪಟ್ಟಿ ಬರೆಯುವುದು ಅವರ ರೂಢಿ. 1975ರಲ್ಲಿ ಆ ಅಡುಗೆಮನೆಗೆ ಮಿಶೆಲಿನ್ ತಾರೆ ದೊರೆಯಿತು. 1983ರಲ್ಲಿ ಸೊಸೆ ಡರೀನಾ ಆ್ಯಲನ್ ಸಮೀಪದಲ್ಲೇ ಪಾಕಶಾಲೆ ಆರಂಭಿಸಿದರು. ಮರ್ಟಲ್ 2018ರಲ್ಲಿ ತಮ್ಮ 94ನೇ ವಯಸ್ಸಿನಲ್ಲಿ ನಿಧನರಾದರು.

ಈ ಉದಾಹರಣೆಯಿಂದ ಮಲೆನಾಡಿನವರು ಕಲಿಯಬೇಕಾದದ್ದು ತಿನಿಸುಗಳನ್ನಲ್ಲ, ಕ್ರಮವನ್ನು. ಪಟ್ಟಿಯನ್ನು ಮೊದಲು ಮುದ್ರಿಸಿ ಅದಕ್ಕೆ ತರಕಾರಿ ಹುಡುಕುವುದು ಹೋಟೆಲಿನ ಕ್ರಮ. ತರಕಾರಿ ನೋಡಿ ಪಟ್ಟಿ ಬರೆಯುವುದು ಹಿತ್ತಿಲಿನ ಕ್ರಮ. ಮಲೆನಾಡಿನ ಅಡುಗೆ ಈ ಎರಡನೆಯ ಕ್ರಮಕ್ಕೆ ಹೇಳಿ ಮಾಡಿಸಿದಂತಿದೆ. ತಂಬುಳಿ ಒಂದೇ, ಸೊಪ್ಪು ಇಪ್ಪತ್ತು ಬಗೆ. ಹುಳಿ ಒಂದೇ, ತರಕಾರಿ ದಿನಕ್ಕೊಂದು. ‘ಒಂದು ಸೊಪ್ಪಿನ ತಂಬುಳಿ, ಒಂದು ಪಲ್ಯ, ಒಂದು ಹುಳಿ, ಒಂದು ಗೊಜ್ಜು, ಅನ್ನ, ಮಜ್ಜಿಗೆ’ ಎಂಬ ಚೌಕಟ್ಟನ್ನು ಅತಿಥಿಗೆ ಮೊದಲೇ ತಿಳಿಸಿದರೆ ಹೀರೆಯೋ ಪಡವಲವೋ ಎಂಬ ಪ್ರಶ್ನೆ ಏಳುವುದಿಲ್ಲ. ಪನೀರ್, ಗೋಬಿ ಮಂಚೂರಿ ಬೇಕೆನ್ನುವವರಿಗೆ ಕೋಣೆ ಕಾದಿರಿಸುವಾಗಲೇ ವಿನಯದಿಂದ ವಿಷಯ ತಿಳಿಸುವುದು ಎರಡೂ ಕಡೆಯ ಬೇಸರವನ್ನು ತಪ್ಪಿಸುತ್ತದೆ. ಚಿಕ್ಕ ಮಕ್ಕಳು, ವೃದ್ಧರು, ಪಥ್ಯದವರಿಗೆ ಪ್ರತ್ಯೇಕವಾಗಿ ಬೇಯಿಸಿಕೊಡುವ ವ್ಯವಸ್ಥೆ ಮಾತ್ರ ಯಾವಾಗಲೂ ಇರಬೇಕು.

ಕೊಡಗಿನಲ್ಲಿ ಕಡಂಬಟ್ಟು, ನೂಲ್‌ಪುಟ್ಟು, ಪಂದಿಕರಿಯ ಜತೆಗೆ ಕಾಚಂಪುಳಿಯ ವಿಷಯವನ್ನೂ ಹೇಳಬೇಕು. ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸುವ ಈ ಹುಳಿ ವರ್ಷಗಟ್ಟಲೆ ಉಳಿಯುತ್ತದೆ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಆರಂಭದಲ್ಲಿ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡುವ ಪದ್ಧತಿಯಿದೆ. ಅತಿಥಿಗಳು ವಿರಳವಾಗುವ ಮಳೆಗಾಲದಲ್ಲಿ ಇಂಥ ಊಟಕ್ಕಾಗಿಯೇ ಬರುವವರನ್ನು ಆಹ್ವಾನಿಸಲು ಅವಕಾಶವಿದೆ.

ರುಚಿಯ ಜತೆಗೆ ಎಚ್ಚರ

ಕಾಡಿನ ಆಹಾರವನ್ನು ಹೊಸಬರಿಗೆ ಬಡಿಸುವಾಗ ಮನೆಯವರಿಗೆ ಗೊತ್ತಿರುವ ಎಚ್ಚರಗಳನ್ನು ಅಡುಗೆ ಸಹಾಯಕರಿಗೂ ಕಲಿಸಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ, ದಿನವೂ ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಕೆಸುವಿನ ಎಲೆಗೆ ಹುಣಸೆ ಅಥವಾ ಬೇರೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಮೊದಲ ಮಳೆಯ ಅಣಬೆಯನ್ನು ಗುರುತು ಬಲ್ಲ ಹಿರಿಯರು ಒಪ್ಪದ ಹೊರತು ಒಲೆಗೆ ಏರಿಸಬಾರದು. ವಿಷದ ಅಣಬೆ ಬೇಯಿಸಿದರೂ ವಿಷವೇ. ಅತಿಥಿಗಳೇ ಕಾಡಿನಿಂದ ಆಯ್ದು ತಂದ ಅಣಬೆಯನ್ನಂತೂ ನಿರಾಕರಿಸುವುದು ಕರ್ತವ್ಯ. ಮನೆಯ ಉಪ್ಪಿನಕಾಯಿ, ಹಪ್ಪಳಗಳಲ್ಲಿ ಬೂಷ್ಟು ಕಂಡರೆ ಮೇಲಿನ ಪದರ ತೆಗೆದು ಬಡಿಸುವ ಅಭ್ಯಾಸವನ್ನು ಬಿಡಬೇಕು.

ನೆರೆಹೊರೆಯ ತಟ್ಟೆ

ಯಾವ ಹಿತ್ತಿಲೂ ಎಲ್ಲವನ್ನೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಬ್ಯಾಲಿಮಲೂ ಕೂಡ ಮೀನಿಗೆ ನೆರೆಯವರನ್ನೇ ನೆಚ್ಚಿತ್ತು. ಅಕ್ಕಿಯನ್ನು ಊರಿನ ಗದ್ದೆಯವರಿಂದ, ಬೆಲ್ಲವನ್ನು ಹತ್ತಿರದ ಆಲೆಮನೆಯಿಂದ, ತುಡುವೆ ಜೇನನ್ನು ಸಾಕುವವರಿಂದ, ಹಪ್ಪಳ, ಸಂಡಿಗೆಯನ್ನು ಸ್ತ್ರೀಶಕ್ತಿ ಸಂಘಗಳಿಂದ, ಹಾಲನ್ನು ಊರಿನ ಡೇರಿಯಿಂದ ಕೊಂಡರೆ ಅತಿಥಿಯ ಹಣ ಹತ್ತು ಮನೆಗಳಿಗೆ ಹಂಚಿಹೋಗುತ್ತದೆ. ಹೋಮ್‌ಸ್ಟೇಗಳ ಬಗ್ಗೆ ಹಳ್ಳಿಗಳಲ್ಲಿ ಆಗಾಗ ಕೇಳಿಬರುವ ಗದ್ದಲ, ಕಸ, ವಾಹನಗಳ ದೂರುಗಳ ಹಿಂದೆ ‘ಲಾಭವೆಲ್ಲ ಒಬ್ಬರಿಗೆ, ತೊಂದರೆಯೆಲ್ಲ ಊರಿಗೆ’ ಎಂಬ ಭಾವನೆಯೂ ಇರುತ್ತದೆ. ಖರೀದಿ ಊರಿನೊಳಗೇ ನಡೆದರೆ ಆ ಭಾವನೆ ಕಡಿಮೆಯಾಗುತ್ತದೆ.

ಇದಕ್ಕೆ ಕೆಲವು ಶಿಸ್ತುಗಳು ಬೇಕು. ಮಂಡಿಯ ಬೆಲೆ ಬಿದ್ದಾಗ ನೆರೆಯವರಿಗೂ ಅದೇ ಬೆಲೆ, ಏರಿದಾಗ ಹಳೆಯ ಬೆಲೆ ಎಂಬ ನೀತಿ ಬಹುಕಾಲ ನಡೆಯದು. ಹಂಗಾಮಿಗೆ ಮುನ್ನವೇ ಯಾರು ಏನು ಬೆಳೆಯುತ್ತಾರೆ, ವಾರಕ್ಕೆ ಎಷ್ಟು ಬೇಕು, ಬೆಲೆ ಎಷ್ಟು ಎಂದು ಮಾತಾಡಿಕೊಂಡರೆ ಸಣ್ಣ ಬೆಳೆಗಾರ ಧೈರ್ಯವಾಗಿ ಬಿತ್ತುತ್ತಾನೆ. ಹಣವನ್ನು ಅಂದಂದೇ ಕೊಡಬೇಕು. ಅತಿಥಿಗೂ ನಿಜವನ್ನೇ ಹೇಳಬೇಕು: ‘ಸೊಪ್ಪು ನಮ್ಮದು, ಬದನೆ ಪಕ್ಕದ ಮನೆಯದು, ಈರುಳ್ಳಿ ಹುಬ್ಬಳ್ಳಿ ಕಡೆಯದು’ ಎನ್ನುವುದರಿಂದ ಮರ್ಯಾದೆಯೇನೂ ಕಡಿಮೆಯಾಗದು. ಈರುಳ್ಳಿ, ಆಲೂಗಡ್ಡೆ, ತೊಗರಿಬೇಳೆಗಳು ಮಲೆನಾಡಿನ ಬೆಳೆಗಳಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ.

ಬೀಜದ ವಿಷಯದಲ್ಲೂ ಊರಿನ ಸಂಪತ್ತು ದೊಡ್ಡದು. ಮಳೆಗೆ ಒಗ್ಗಿದ ನಾಟಿ ಬೆಂಡೆ, ಸೌತೆ, ಬದನೆ, ಅವರೆಗಳ ಬೀಜಗಳನ್ನು ಹಿತ್ತಿಲುಗಳಲ್ಲಿ ಉಳಿಸಿಕೊಂಡು ಬಂದವರು ಹೆಂಗಸರು. ಶಿರಸಿಯ ವನಸ್ತ್ರೀ ಸಂಸ್ಥೆ ಇಂಥ ಮಹಿಳೆಯರನ್ನು ಒಗ್ಗೂಡಿಸಿ ನಾಟಿ ಬೀಜಗಳ ಸಂರಕ್ಷಣೆ ಹಾಗೂ ವಿನಿಮಯದಲ್ಲಿ ತೊಡಗಿದೆ. ಕರಾವಳಿಯ ಉಡುಪಿ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೂ ಅದು ದೊರೆಯಿತು. ಊರಿನ ಹೆಸರಿಗೆ ಬೆಲೆಯಿದೆ ಎಂಬುದಕ್ಕೆ ಇವು ಸಾಕ್ಷಿ. ಅಂಥ ಕಾಫಿಯ ನಾಡಿನಲ್ಲಿ ಅತಿಥಿಗೆ ಪೊಟ್ಟಣದ ಇನ್‌ಸ್ಟೆಂಟ್ ಕಾಫಿ ಕೊಡುವುದು ಆಭಾಸ.

ಕಾನೂನಿನ ಅಗತ್ಯಗಳು

ಹೋಮ್‌ಸ್ಟೇ ಎನಿಸಿಕೊಳ್ಳಲು ಮಾಲೀಕರ ಕುಟುಂಬ ಅಲ್ಲಿಯೇ ವಾಸವಿರಬೇಕು ಎಂಬುದು ಮೂಲ ಕಲ್ಪನೆ. ಕೋಣೆಗಳ ಸಂಖ್ಯೆಗೂ ಮಿತಿಯಿದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಸ್ಥಳೀಯ ಪಂಚಾಯಿತಿ ಹಾಗೂ ಪೊಲೀಸರಿಂದ ಬೇಕಾಗುವ ಅನುಮತಿಗಳನ್ನು ಮೊದಲೇ ಪಡೆಯಬೇಕು. ಊಟ ಬಡಿಸುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ವಹಿವಾಟಿಗೆ ಅನುಗುಣವಾಗಿ ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು. ಈ ಕಾಯಿದೆಯ ನಿಯಮಗಳು 2011ರ ಆಗಸ್ಟ್‌ನಿಂದ ಜಾರಿಯಲ್ಲಿವೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಅಧಿಕಾರಿಗಳಿಗೆ ತಿಳಿಸಬೇಕು.

ಕಾಡಿನ ಪ್ರಾಣಿಯ ಮಾಂಸವನ್ನು ಬಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಪಂದಿಕರಿಗೆ ಬಳಸಬೇಕಾದದ್ದು ಸಾಕಿದ ಹಂದಿಯ ಮಾಂಸವನ್ನೇ. ಅಬಕಾರಿ ಪರವಾನಗಿಯಿಲ್ಲದೆ ಮದ್ಯವನ್ನಾಗಲಿ ಮನೆಯಲ್ಲಿ ತಯಾರಿಸಿದ ವೈನನ್ನಾಗಲಿ ಮಾರುವಂತಿಲ್ಲ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಲಾಭ ಎಲ್ಲಿದೆ

ಕೈತೋಟ ಮಾಡಿದರೆ ತರಕಾರಿ ಖರ್ಚು ಉಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಕಳೆ ಕೀಳುವ, ನೀರು ಹಾಕುವ, ಚಪ್ಪರ ಕಟ್ಟುವ ಆಳಿನ ಕೂಲಿಯನ್ನು ಸೇರಿಸಿದರೆ ಮನೆಯ ಬೆಂಡೆ ಅನೇಕ ವೇಳೆ ಮಂಡಿಯ ಬೆಂಡೆಗಿಂತ ದುಬಾರಿಯೇ. ಲಾಭವಿರುವುದು ಬೇರೆ ಕಡೆ. ಬೆಳಿಗ್ಗೆ ಕೊಯ್ದ ಸೊಪ್ಪು ಮಧ್ಯಾಹ್ನ ತಟ್ಟೆಗೆ ಬರುವ ಊಟಕ್ಕಾಗಿ ಅತಿಥಿ ಮತ್ತೆ ಬರುತ್ತಾನೆ, ನಾಲ್ವರಿಗೆ ಹೇಳುತ್ತಾನೆ. ಆದ್ದರಿಂದ ಹಿತ್ತಿಲಿನ ಖರ್ಚನ್ನು ಊಟದ ದರದಲ್ಲಿ ಸೇರಿಸಿಯೇ ಕೋಣೆಯ ಬಾಡಿಗೆ ನಿಗದಿಪಡಿಸಬೇಕು. ಊಟವನ್ನು ಅಗ್ಗ ಮಾಡಿ ಕೋಣೆಗಳನ್ನು ಹೆಚ್ಚಿಸುವ ದಾರಿ ಹಿಡಿದವರಿಗೆ ಮೊದಲು ನೀರು, ಆಮೇಲೆ ಆಳು, ಕೊನೆಗೆ ರುಚಿ ಕೈಕೊಡುತ್ತವೆ.

ಹೊಸದಾಗಿ ಆರಂಭಿಸುವವರು ಒಂದು ವರ್ಷ ಹಿತ್ತಿಲನ್ನು ಮಾತ್ರ ನಡೆಸಿ, ಯಾವ ತಿಂಗಳು ಏನು, ಎಷ್ಟು ಬಂತು, ಏಪ್ರಿಲ್‌ನಲ್ಲಿ ಬಾವಿ ಎಷ್ಟು ಕೊಟ್ಟಿತು ಎಂದು ಪುಸ್ತಕದಲ್ಲಿ ಬರೆದಿಟ್ಟು, ಆ ಮೇಲೆ ಕೋಣೆಗಳನ್ನು ಕಟ್ಟುವುದು ವಿವೇಕ. ಎರಡು ಕೋಣೆಗೆ ಸಾಕಾಗುವ ಹಿತ್ತಿಲಿದ್ದರೆ ಎರಡು ಕೋಣೆ, ಐದಕ್ಕೆ ಸಾಕಾದರೆ ಐದು. ಮಲೆನಾಡಿನ ಮನೆಗಳು ಕರೆಯದೆ ಬಂದ ನೆಂಟರಿಗೂ ಒಂದು ತಟ್ಟೆ ಹೆಚ್ಚಿಗೆ ಹಾಕುತ್ತಿದ್ದದ್ದು ಅಟ್ಟದಲ್ಲಿ ಮೊಗೆಕಾಯಿ, ಭರಣಿಯಲ್ಲಿ ಮಿಡಿ, ಹಿತ್ತಿಲಲ್ಲಿ ಬಸಳೆ ಇವೆ ಎಂಬ ಭರವಸೆಯಿಂದ. ಹಣ ಪಡೆದು ಉಣಬಡಿಸುವ ಇಂದಿನ ಆತಿಥ್ಯಕ್ಕೂ ಅದೇ ಭರವಸೆ ಬೇಕು.